ಗೈಡ್ ಆಗುವುದನ್ನು ಕಲಿಯುವುದು ಹೇಗೆ: ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಎಂ.ಎ., ಎಂ.ಎಸ್ಸಿ., ಎಂ.ಕಾಂ. ಕೊನೆಯ ಸೆಮಿಸ್ಟರಿನ ಡಿಸರ್ಟೇಶನ್ ಇರಲಿ, ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟ್ ಇರಲಿ, ಪಿಎಚ್.ಡಿ. ಮಹಾಪ್ರಬಂಧವೇ ಇರಲಿ, ಮಾರ್ಗದರ್ಶನ ಮಾಡುವ ಅಧ್ಯಾಪಕರ ದೂರು ಒಂದೇ ಬಗೆಯದು. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಸಲ್ಲಿಕೆಗೆ ಕೆಲವೇ ವಾರ ಉಳಿದಾಗ ಇಡೀ ಪ್ರಬಂಧವನ್ನು ಒಟ್ಟಿಗೆ ತಂದು ಮೇಜಿನ ಮೇಲಿಡುತ್ತಾರೆ. ಅದನ್ನು ತಿದ್ದಲು ಸಮಯವಿಲ್ಲ, ತಿದ್ದದೆ ಸಹಿ ಹಾಕಲು ಮನಸ್ಸಿಲ್ಲ. ವಿದ್ಯಾರ್ಥಿಗಳನ್ನು ಕೇಳಿದರೆ ಅವರದೂ ಒಂದು ದೂರಿದೆ: ಗೈಡ್ ಕೈಗೆ ಸಿಗುವುದಿಲ್ಲ, ಕೊಟ್ಟ ಚಾಪ್ಟರ್ ಓದುವುದಿಲ್ಲ, ಓದಿದರೂ ಹಿಂದಿನ ಸಲ ಹೇಳಿದ್ದಕ್ಕೆ ತದ್ವಿರುದ್ಧವಾದ ಮಾತು ಹೇಳುತ್ತಾರೆ.

ಎರಡೂ ದೂರುಗಳು ಹುಟ್ಟುವುದು ಕೆಲಸದ ಕ್ರಮ ತಪ್ಪಿದ್ದರಿಂದ. ನಮ್ಮಲ್ಲಿ ಹೆಚ್ಚಿನವರು ವಿಷಯದ ಶೀರ್ಷಿಕೆಯಿಂದ ಆರಂಭಿಸಿ ಕಾಗುಣಿತದ ತಿದ್ದುಪಡಿಯಲ್ಲಿ ಮುಗಿಸುತ್ತೇವೆ. ಶೀರ್ಷಿಕೆಗೆ ಮೊದಲು ಆಗಬೇಕಾದ ಮಾತುಕತೆಯನ್ನೂ, ಶೀರ್ಷಿಕೆಗೂ ತಿದ್ದುಪಡಿಗೂ ನಡುವೆ ಪ್ರತಿ ಹದಿನೈದು ದಿನಕ್ಕೊಮ್ಮೆ ಆಗಬೇಕಾದ ಚಿಕ್ಕ ಚಿಕ್ಕ ಬರವಣಿಗೆಯನ್ನೂ ಬಿಟ್ಟುಬಿಡುತ್ತೇವೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಹಂತ ಬಿಟ್ಟರೆ ಅದರ ಕೆಲಸ ಮುಂದಿನ ಹಂತದಲ್ಲಿ ಎರಡರಷ್ಟಾಗಿ ಎದುರಾಗುತ್ತದೆ.

ಬೇಕಾಗುವ ಸಲಕರಣೆಗಳು ಹೆಚ್ಚೇನಿಲ್ಲ. ಪ್ರತಿ ವಿದ್ಯಾರ್ಥಿಗೆ ಒಂದು ಫೈಲು ಅಥವಾ ಹಂಚಿಕೊಂಡ ಗೂಗಲ್ ಡ್ರೈವ್ ಫೋಲ್ಡರ್, ಭೇಟಿಯ ಟಿಪ್ಪಣಿಗೆ ಒಂದು ಗೂಗಲ್ ಡಾಕ್, ಉಲ್ಲೇಖಗಳನ್ನು ಜೋಡಿಸಿಡಲು ಉಚಿತವಾಗಿ ಸಿಗುವ ಜೊಟೆರೊ, ಗೋಡೆಯ ಮೇಲೊಂದು ಕ್ಯಾಲೆಂಡರ್. ನಿಮ್ಮ ವಿಶ್ವವಿದ್ಯಾಲಯದ ಪಿಎಚ್.ಡಿ. ನಿಯಮಾವಳಿ ಅಥವಾ ಪ್ರಾಜೆಕ್ಟ್ ಕೈಪಿಡಿಯ ಮುದ್ರಿತ ಪ್ರತಿಯೂ ಮೇಜಿನ ಮೇಲಿರಲಿ. ಬೆಂಗಳೂರು ವಿಶ್ವವಿದ್ಯಾಲಯ, ಬೆಂಗಳೂರು ನಗರ ವಿಶ್ವವಿದ್ಯಾಲಯ, ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮ ತಮ್ಮ ನಮೂನೆಗಳನ್ನೂ ಗಡುವುಗಳನ್ನೂ ಬಳಸುತ್ತವೆ. ಪಕ್ಕದ ಕಾಲೇಜಿನ ಸ್ನೇಹಿತರು ಹೇಳಿದ್ದನ್ನು ನಂಬಿ ನಡೆಯಬಾರದು.

## ಹಂತ 1: ಒಪ್ಪಿಕೊಳ್ಳುವ ಮೊದಲು ನಿಮ್ಮ ಲೆಕ್ಕ ನೋಡಿಕೊಳ್ಳಿ

ಪಿಎಚ್.ಡಿ. ವಿಷಯದಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2022ರ ನಿಯಮಗಳು ಮಿತಿಯನ್ನು ಹಾಕಿವೆ. ಒಂದು ಸಮಯದಲ್ಲಿ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಸಂಶೋಧನಾರ್ಥಿಗಳನ್ನು ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಇದು ಗರಿಷ್ಠ ಮಿತಿ. ಅಷ್ಟೂ ಜನರನ್ನು ತುಂಬಿಕೊಳ್ಳಲೇಬೇಕೆಂಬ ಒತ್ತಾಯವಿಲ್ಲ.

ನಿಜವಾದ ಮಿತಿ ನಿಮ್ಮ ವಾರದ ಗಂಟೆಗಳಲ್ಲಿದೆ. ಒಬ್ಬ ಸಂಶೋಧನಾರ್ಥಿಗೆ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆಯ ಭೇಟಿ, ಅದಕ್ಕೆ ಮೊದಲು ಅವರು ಬರೆದದ್ದನ್ನು ಓದಲು ಕನಿಷ್ಠ ಒಂದು ಗಂಟೆ ಬೇಕು. ಜೊತೆಗೆ ಎಂ.ಎ. ವಿದ್ಯಾರ್ಥಿಗಳ ಡಿಸರ್ಟೇಶನ್‌ಗಳು ನಿಮ್ಮ ಹೆಸರಿಗೆ ಬಂದಿದ್ದರೆ, ತರಗತಿ, ಮೌಲ್ಯಮಾಪನ, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕಡತಗಳ ನಡುವೆ ಆ ಗಂಟೆಗಳು ಎಲ್ಲಿಂದ ಬರುತ್ತವೆಂಬುದನ್ನು ಕಾಗದದ ಮೇಲೆ ಬರೆದು ನೋಡಿ. ಬರೆದ ಮೇಲೂ ಜಾಗ ಕಾಣದಿದ್ದರೆ ವಿಭಾಗದ ಮುಖ್ಯಸ್ಥರಿಗೆ ಆರಂಭದಲ್ಲೇ ಹೇಳುವುದು ಒಳ್ಳೆಯದು. ಆಗ ಹೇಳದೆ ಆಮೇಲೆ ಓದದೇ ಇರುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ.

ವಿಷಯ ನಿಮ್ಮ ಕ್ಷೇತ್ರಕ್ಕೆ ಪೂರ್ತಿ ಹೊರಗಿನದಾಗಿದ್ದರೆ ಸಹ ಮಾರ್ಗದರ್ಶಕರನ್ನು ಈಗಲೇ ಹುಡುಕಬೇಕು. ಎರಡನೇ ವರ್ಷದಲ್ಲಿ ಹುಡುಕಹೊರಟರೆ ಅವರು ಸಾರಲೇಖದಿಂದಲೇ (ಸಿನಾಪ್ಸಿಸ್) ತಿದ್ದಲು ಆರಂಭಿಸುತ್ತಾರೆ.

## ಹಂತ 2: ಮೊದಲ ಎರಡು ಭೇಟಿಗಳಲ್ಲಿ ವಿಷಯದ ಮಾತು ಬೇಡ

ಹೊಸ ಮಾರ್ಗದರ್ಶಕರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: «ಟಾಪಿಕ್ ಏನು ಅಂದುಕೊಂಡಿದ್ದೀರಿ?» ಅದಕ್ಕೆ ಸಿಗುವ ಉತ್ತರ ಹಿಂದಿನ ಬ್ಯಾಚಿನವರ ಶೀರ್ಷಿಕೆಯ ಚಿಕ್ಕ ಬದಲಾವಣೆಯಾಗಿರುತ್ತದೆ. ಮೊದಲು ತಿಳಿಯಬೇಕಾದದ್ದು ಬೇರೆ: ವಿದ್ಯಾರ್ಥಿ ಎಲ್ಲಿಂದ ಬರುತ್ತಾರೆ, ದಿನಕ್ಕೆ ಎಷ್ಟು ಗಂಟೆ ಬಿಡುವಿದೆ, ಯಾವ ಭಾಷೆಯಲ್ಲಿ ಸರಾಗವಾಗಿ ಬರೆಯಬಲ್ಲರು, ಇದುವರೆಗೆ ಬರೆದ ಅತಿ ಉದ್ದದ ಬರಹ ಯಾವುದು, ಕಂಪ್ಯೂಟರ್ ಮನೆಯಲ್ಲಿದೆಯೇ ಅಥವಾ ಎಲ್ಲವನ್ನೂ ಫೋನಿನಲ್ಲೇ ಮಾಡಬೇಕೇ.

ಬೆಂಗಳೂರಿನಲ್ಲಿ ಈ ಪ್ರಶ್ನೆಗಳ ತೂಕ ಹೆಚ್ಚು. ಒಂದೇ ವಿಭಾಗದಲ್ಲಿ ಜಯನಗರದ ಮನೆಯಿಂದ ಬರುವವರು, ರಾಯಚೂರು ಅಥವಾ ಕಲಬುರಗಿಯಿಂದ ಬಂದು ಹಾಸ್ಟೆಲ್ಲಿನಲ್ಲೋ ಪಿಜಿಯಲ್ಲೋ ಇರುವವರು, ದಿನವೂ ತುಮಕೂರು, ರಾಮನಗರ ಅಥವಾ ಕೋಲಾರದಿಂದ ರೈಲು, ಬಸ್ಸು ಹಿಡಿದು ಬರುವವರು, ರಾತ್ರಿ ಡೆಲಿವರಿ ಕೆಲಸ ಮಾಡಿ ಬೆಳಿಗ್ಗೆ ತರಗತಿಗೆ ಬರುವವರು ಒಟ್ಟಿಗಿರುತ್ತಾರೆ. ಸಂಜೆ ಐದಕ್ಕೆ ಭೇಟಿ ಇಟ್ಟು ರಾಮನಗರದ ಹುಡುಗಿ ಬರುತ್ತಿಲ್ಲವೆಂದು ಬೇಸರಪಡುವುದರಲ್ಲಿ ಅರ್ಥವಿಲ್ಲ; ಆಕೆಗೆ ಬೆಳಿಗ್ಗೆ ಹನ್ನೊಂದರ ಸಮಯ ಕೊಟ್ಟರೆ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ.

ಎರಡನೇ ಭೇಟಿಗೆ ಒಂದು ಪುಟದ ಬರಹ ತರಲು ಹೇಳಿ. ವಿಷಯ ಯಾವುದಾದರೂ ಸರಿ: ಇತ್ತೀಚೆಗೆ ಓದಿದ ಒಂದು ಲೇಖನದ ವಾದ ಏನು, ಅದರಲ್ಲಿ ಯಾವುದು ಒಪ್ಪಿಗೆಯಾಗಲಿಲ್ಲ. ಆ ಒಂದು ಪುಟ ಮುಂದಿನ ಎರಡು ವರ್ಷಗಳ ಬಗ್ಗೆ ಹೇಳುವಷ್ಟನ್ನು ಅಂಕಪಟ್ಟಿ ಹೇಳುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಅದನ್ನು ಕನ್ನಡದಲ್ಲೇ ಬರೆಯಲಿ. ಇಂಗ್ಲಿಷ್ ತಡವರಿಸಿತೆಂದು ಯೋಚನೆಯೂ ತಡವರಿಸುತ್ತಿದೆಯೆಂದು ತೀರ್ಮಾನಿಸುವುದು ನಮ್ಮ ವಿಭಾಗಗಳಲ್ಲಿ ಪದೇ ಪದೇ ಆಗುತ್ತಿರುವ ತಪ್ಪು, ಅದರಿಂದ ಕಳೆದುಕೊಂಡ ಒಳ್ಳೆಯ ವಿದ್ಯಾರ್ಥಿಗಳು ಕಡಿಮೆಯೇನಲ್ಲ.

## ಹಂತ 3: ಪರಸ್ಪರ ನಿರೀಕ್ಷೆಗಳನ್ನು ಬರೆದಿಡಿ

ಇದೊಂದು ಪುಟದ ಒಪ್ಪಂದ. ಕಾನೂನಿನ ಭಾಷೆ ಬೇಡ. ಭೇಟಿ ಎಷ್ಟು ದಿನಕ್ಕೊಮ್ಮೆ, ಬರಹವನ್ನು ಭೇಟಿಗೆ ಎಷ್ಟು ದಿನ ಮೊದಲು ಕಳುಹಿಸಬೇಕು, ಮಾರ್ಗದರ್ಶಕರು ಎಷ್ಟು ದಿನದೊಳಗೆ ಓದಿ ಹಿಂತಿರುಗಿಸುತ್ತಾರೆ, ವಾಟ್ಸಾಪ್ ಸಂದೇಶಕ್ಕೆ ಯಾವ ಹೊತ್ತಿನಲ್ಲಿ ಉತ್ತರ ನಿರೀಕ್ಷಿಸಬಹುದು, ಭೇಟಿ ತಪ್ಪಿದರೆ ಯಾರು ಮರುದಿನಾಂಕ ಕೇಳಬೇಕು, ಲೇಖನ ಪ್ರಕಟವಾದರೆ ಹೆಸರುಗಳ ಕ್ರಮ ಹೇಗೆ, ಇಷ್ಟೂ ಅದರಲ್ಲಿರಲಿ.

ಹೆಸರುಗಳ ಕ್ರಮವನ್ನು ಮೊದಲೇ ಬರೆಯಲು ಅನೇಕರಿಗೆ ಸಂಕೋಚ. ಸಂಕೋಚಪಟ್ಟು ಬಿಟ್ಟದ್ದು ಲೇಖನ ಸ್ವೀಕೃತವಾದ ದಿನ ಜಗಳವಾಗುತ್ತದೆ. ವಿದ್ಯಾರ್ಥಿ ಮಾಡಿದ ಕೆಲಸದಲ್ಲಿ ವಿದ್ಯಾರ್ಥಿಯ ಹೆಸರು ಮೊದಲು. ಬೌದ್ಧಿಕ ಪಾಲು ಇಲ್ಲದವರ ಹೆಸರು ಅವರು ಯಾವ ಹುದ್ದೆಯಲ್ಲಿದ್ದರೂ ಬೇಡ.

ಇನ್ನೆರಡು ಮಾತು ಇಲ್ಲಿಯೇ ಸ್ಪಷ್ಟವಾಗಬೇಕು. ವಿದ್ಯಾರ್ಥಿಗಳಿಂದ ಮನೆಕೆಲಸ, ಮಕ್ಕಳ ಟ್ಯೂಷನ್, ಬ್ಯಾಂಕಿನ ಓಡಾಟ ಮಾಡಿಸುವಂತಿಲ್ಲ. ಫೆಲೋಶಿಪ್ಪಿನ ತಿಂಗಳ ದೃಢೀಕರಣ, ಹಾಜರಾತಿ, ಹಾಸ್ಟೆಲ್ ಪತ್ರಗಳಿಗೆ ಬೇಕಾದ ಸಹಿಯನ್ನು ಕೆಲಸದ ಬಗೆಗಿನ ಅಸಮಾಧಾನ ತೋರಿಸಲು ತಡೆಹಿಡಿಯುವಂತಿಲ್ಲ. ಒಂದು ಸಹಿ ತಡವಾದರೆ ಪಿಜಿಯ ಬಾಡಿಗೆ ನಿಲ್ಲುತ್ತದೆ, ಊರಿಗೆ ಕಳುಹಿಸುವ ದುಡ್ಡು ನಿಲ್ಲುತ್ತದೆ.

## ಹಂತ 4: ವಿಷಯವನ್ನು ಪ್ರಶ್ನೆಯಾಗಿಸಿ

ಪ್ರಬಂಧಗಳು ಹೆಚ್ಚಾಗಿ ಸೋಲುವುದು ಇಲ್ಲಿ. ಆದ್ದರಿಂದ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಸಮಾಜಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು «ಬೆಂಗಳೂರು ನಗರದ ಬೀದಿಬದಿ ವ್ಯಾಪಾರಿಗಳ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ» ಎಂಬ ಶೀರ್ಷಿಕೆ ತರುತ್ತಾಳೆಂದು ಇಟ್ಟುಕೊಳ್ಳಿ. ಇದಕ್ಕೆ ಹೌದೆಂದರೆ ಆಕೆ ಪ್ರಶ್ನಾವಳಿ ಹಿಡಿದು ಸಿಕ್ಕವರನ್ನೆಲ್ಲ ಕೇಳಿ, ವಯಸ್ಸು, ಲಿಂಗ, ಆದಾಯಗಳ ಕೋಷ್ಟಕ ಮಾಡಿ, ಕೊನೆಗೆ «ವ್ಯಾಪಾರಿಗಳ ಸ್ಥಿತಿ ಸುಧಾರಿಸಬೇಕಾಗಿದೆ» ಎಂದು ಬರೆಯುತ್ತಾಳೆ. ಆ ಮಾತನ್ನು ಬರೆಯಲು ಅಧ್ಯಯನವೇ ಬೇಕಿರಲಿಲ್ಲ.

ತಿರಸ್ಕರಿಸುವುದೂ ಪರಿಹಾರವಲ್ಲ. ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾ ಹೋಗಿ. ಯಾವ ವ್ಯಾಪಾರಿಗಳು? ಹೂ ಮಾರುವವರು. ಎಲ್ಲಿ? ಗಾಂಧಿ ಬಜಾರಿನಲ್ಲಿ. ಅವರ ಬಗ್ಗೆ ನಿಮಗೆ ಕುತೂಹಲ ಹುಟ್ಟಿಸಿದ್ದು ಯಾವುದು? ಬೆಳಿಗ್ಗೆ ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಕೊಳ್ಳಲು ಕೈಸಾಲ ಮಾಡಿ ಸಂಜೆಗೆ ತೀರಿಸುತ್ತಾರೆ ಎಂದು ಕೇಳಿದ್ದೆ. ಆ ಸಾಲಕ್ಕೆ ಸಂಬಂಧಿಸಿದ ಯಾವ ಬದಲಾವಣೆ ಈಚೆಗೆ ಆಗಿದೆ? ಬೀದಿಬದಿ ವ್ಯಾಪಾರಿಗಳಿಗೆ ಸಾಲ ಕೊಡಿಸಲು 2020ರಲ್ಲಿ ಬಂದ ಕೇಂದ್ರದ ಪಿಎಂ ಸ್ವನಿಧಿ ಯೋಜನೆ, ಆರಂಭದಲ್ಲಿ ಅದರ ಮೊದಲ ಕಂತು 10,000 ರೂಪಾಯಿವರೆಗಿನ ಸಾಲವಾಗಿತ್ತು. ಹಾಗಾದರೆ ನಿಮ್ಮ ಪ್ರಶ್ನೆ ಏನು? «ಸ್ವನಿಧಿ ಸಾಲ ಪಡೆದ ಗಾಂಧಿ ಬಜಾರಿನ ಹೂ ವ್ಯಾಪಾರಿಗಳು ದಿನದ ಬಂಡವಾಳಕ್ಕೆ ಖಾಸಗಿ ಕೈಸಾಲದ ಮೇಲೆ ಅವಲಂಬಿಸುವುದು ಕಡಿಮೆಯಾಯಿತೇ, ಆಗದಿದ್ದರೆ ಏಕೆ?»

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಧ್ಯವಿದೆ, ಉತ್ತರ ಯಾವುದೆಂದು ಮೊದಲೇ ಗೊತ್ತಿಲ್ಲ, ಅದಕ್ಕೆ ಬೇಕಾದ ಜನ ಬಸವನಗುಡಿಯಲ್ಲಿ ನಡೆದು ತಲುಪುವಷ್ಟು ಹತ್ತಿರದಲ್ಲಿದ್ದಾರೆ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಆಗ ಹಿನ್ನೆಲೆಯ ಅಧ್ಯಾಯದಲ್ಲಿ ತಾನಾಗಿ ತನ್ನ ಜಾಗ ಕಂಡುಕೊಳ್ಳುತ್ತದೆ. ಇಷ್ಟು ಇಳಿಸಲು ಎರಡು ಮೂರು ಭೇಟಿ ಹಿಡಿಯುತ್ತದೆ. ಪ್ರಶ್ನೆಯನ್ನು ನೀವೇ ಬರೆದುಕೊಟ್ಟರೆ ಕಾಲು ಗಂಟೆಯಲ್ಲಿ ಮುಗಿದೀತು, ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) «ಈ ಪ್ರಶ್ನೆಯನ್ನೇ ಏಕೆ ಆರಿಸಿಕೊಂಡಿರಿ?» ಎಂದು ಪರೀಕ್ಷಕರು ಕೇಳಿದಾಗ ವಿದ್ಯಾರ್ಥಿನಿ ನಿಮ್ಮ ಮುಖ ನೋಡುತ್ತಾಳೆ.

ಪ್ರಶ್ನೆ ಸಿದ್ಧವಾದ ಮೇಲೆ ಆಕರಗಳಿವೆಯೇ ಎಂದು ಪರಿಶೀಲಿಸಿ. ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳಿರುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಇದೇ ವಿಷಯದ ಹಿಂದಿನ ಮಹಾಪ್ರಬಂಧಗಳನ್ನು ನೋಡಿಸಬೇಕು. ಇತಿಹಾಸದವರನ್ನು ರಾಜ್ಯ ಪತ್ರಾಗಾರಕ್ಕೂ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೂ, ಸಾಹಿತ್ಯದವರನ್ನು ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೂ, ಸಮಾಜವಿಜ್ಞಾನದವರನ್ನು ನಾಗರಬಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಗ್ರಂಥಾಲಯಕ್ಕೂ ಕಳುಹಿಸಿ, ಅಲ್ಲಿ ಸಿಕ್ಕಿದ್ದರ ಒಂದು ಪಟ್ಟಿ ತರಿಸಬೇಕು. ಪ್ರವೇಶಕ್ಕೆ ಪರಿಚಯಪತ್ರ ಬೇಕಾಗಬಹುದು. ಅದನ್ನು ವಿದ್ಯಾರ್ಥಿ ಕೇಳುವವರೆಗೆ ಕಾಯದೆ ಬರೆದುಕೊಡಿ.

ಮನುಷ್ಯರಿಂದ ಮಾಹಿತಿ ಪಡೆಯುವ ಅಧ್ಯಯನವಾದರೆ ನೈತಿಕ ಸಮಿತಿಯ ಅನುಮತಿ ಬೇಕೇ ಎಂದು ಈಗಲೇ ವಿಚಾರಿಸಿ. ಮಾಹಿತಿ ಸಂಗ್ರಹ ಮುಗಿದ ಮೇಲೆ ಹಿಂದಿನ ದಿನಾಂಕಕ್ಕೆ ಅನುಮತಿ ಸಿಗುವುದಿಲ್ಲ. ಒಪ್ಪಿಗೆಪತ್ರ ಉತ್ತರ ಕೊಡುವವರ ಭಾಷೆಯಲ್ಲಿರಬೇಕು. ಕೆ.ಆರ್. ಮಾರುಕಟ್ಟೆಯಲ್ಲಿ ಅದು ಕನ್ನಡದ ಜೊತೆಗೆ ತಮಿಳೂ ಉರ್ದುವೂ ಆಗಿರಬಹುದು.

## ಹಂತ 5: ಕ್ಯಾಲೆಂಡರನ್ನು ಕೊನೆಯಿಂದ ಬರೆಯಿರಿ

ಸಲ್ಲಿಕೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಬೈಂಡಿಂಗ್‌ಗೆ ಒಂದು ವಾರ, ಸಾಮ್ಯತೆ ಪರೀಕ್ಷೆ (ಬೇರೆ ಬರಹಗಳಿಂದ ಎಷ್ಟು ಪಾಲು ನಕಲಾಗಿದೆ ಎಂಬ ತಂತ್ರಾಂಶದ ತಪಾಸಣೆ) ಮತ್ತು ಕಚೇರಿಯ ಸಹಿಗಳಿಗೆ ಎರಡು ವಾರ, ಪೂರ್ತಿ ಕರಡನ್ನು ನೀವು ಓದಲು ಮೂರು ವಾರ, ಅದರ ತಿದ್ದುಪಡಿಗೆ ಮೂರು ವಾರ. ನಾಲ್ಕು ತಿಂಗಳ ಡಿಸರ್ಟೇಶನ್‌ನಲ್ಲಿ ಹೀಗೆ ಕಳೆದ ಮೇಲೆ ಕ್ಷೇತ್ರಕಾರ್ಯಕ್ಕೂ ಬರವಣಿಗೆಗೂ ಸೇರಿ ಉಳಿಯುವುದು ಎರಡು ತಿಂಗಳಿಗೂ ಕಡಿಮೆ ಎಂಬುದು ವಿದ್ಯಾರ್ಥಿಗೆ ಕಣ್ಣಾರೆ ಕಾಣಬೇಕು. ಆಂತರಿಕ ಪರೀಕ್ಷೆ, ದಸರಾ ರಜೆ, ಊರ ಜಾತ್ರೆ, ಅಕ್ಕನ ಮದುವೆ ಎಲ್ಲವನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿಸಿ.

ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಎರಡು ವರ್ಷಗಳ ಸಡಿಲಿಕೆಗೆ ಅವಕಾಶವಿದೆ. ಸಂಶೋಧನಾರ್ಥಿನಿಯರು ಹೆರಿಗೆ ಮತ್ತು ಶಿಶುಪಾಲನೆಗಾಗಿ ಒಟ್ಟು 240 ದಿನಗಳವರೆಗೆ ರಜೆ ಪಡೆಯಬಹುದು. ಇದು ಹಕ್ಕೆಂದು ನೀವೇ ತಿಳಿಸಬೇಕು, ಏಕೆಂದರೆ ಕೇಳಲು ಹಿಂಜರಿಯುವವರೇ ಹೆಚ್ಚು. ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸುವುದು ಕಡ್ಡಾಯವಾಗಿರುವುದರಿಂದ ಆ ದಿನಾಂಕಗಳನ್ನೇ ಅಧ್ಯಾಯಗಳ ಗಡುವಾಗಿ ಬಳಸಿಕೊಳ್ಳಬಹುದು.

## ಹಂತ 6: ಭೇಟಿಯನ್ನು ಒಂದೇ ಕ್ರಮದಲ್ಲಿ ನಡೆಸಿ

«ಏನಾದರೂ ತೊಂದರೆ ಇದ್ದರೆ ಬನ್ನಿ» ಎಂಬ ಮಾತು ಉದಾರವಾಗಿ ಕೇಳಿಸುತ್ತದೆ, ಆದರೆ ಅದನ್ನು ನಂಬಿ ಬರುವವರು ಧೈರ್ಯವಂತರು ಮಾತ್ರ. ತೊಂದರೆಯಲ್ಲಿರುವ ವಿದ್ಯಾರ್ಥಿ ತೊಂದರೆ ಇದೆಯೆಂಬ ಕಾರಣಕ್ಕೇ ಬರುವುದಿಲ್ಲ. ಹಾಗಾಗಿ ಭೇಟಿಯ ದಿನ ಮೊದಲೇ ನಿಗದಿಯಾಗಿರಬೇಕು, ಬರೆದದ್ದು ಏನೂ ಇಲ್ಲದಿದ್ದರೂ ಭೇಟಿ ನಡೆಯಬೇಕು. ಏನೂ ಬರೆಯದೆ ಬಂದವರನ್ನು ಗದರಿ ಕಳುಹಿಸಬೇಡಿ. ಅಲ್ಲೇ ಕೂರಿಸಿ, ಇಪ್ಪತ್ತು ನಿಮಿಷ ಕೊಟ್ಟು, ಒಂದು ಪ್ಯಾರಾ ಬರೆಸಿ, ಅದರ ಮೇಲೆ ಮಾತನಾಡಿ.

ಭೇಟಿಯ ಮೊದಲ ಹತ್ತು ನಿಮಿಷ ವಿದ್ಯಾರ್ಥಿಯೇ ಮಾತನಾಡಲಿ. ಹಿಂದಿನ ಸಲ ಒಪ್ಪಿದ್ದರಲ್ಲಿ ಯಾವುದಾಯಿತು, ಯಾವುದು ಆಗಲಿಲ್ಲ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಹೇಳುವಾಗ ನೀವು ಬಾಯಿ ಹಾಕಬಾರದು. ನಂತರ ಅರ್ಧ ಗಂಟೆ ಒಂದೇ ಒಂದು ಮುಖ್ಯ ಸಂಗತಿಯ ಮೇಲೆ ಚರ್ಚೆ. ಕೊನೆಯ ಹತ್ತು ನಿಮಿಷದಲ್ಲಿ ಮುಂದಿನ ಕೆಲಸದ ತೀರ್ಮಾನ.

ಭೇಟಿ ಮುಗಿದ ದಿನವೇ ವಿದ್ಯಾರ್ಥಿ ಹಂಚಿಕೊಂಡ ಡಾಕ್‌ನಲ್ಲಿ ಐದಾರು ಸಾಲಿನ ಟಿಪ್ಪಣಿ ಬರೆಯಬೇಕು. ನೀವು ಬರೆದುಕೊಡಬಾರದು. ಗಾಂಧಿ ಬಜಾರಿನ ಉದಾಹರಣೆಯಲ್ಲಿ ಅದು ಹೀಗಿರಬಹುದು:

«ಒಪ್ಪಿದ್ದು: ಸಂದರ್ಶನ 20 ಜನರಿಗೆ ಸೀಮಿತ, 10 ಜನ ಸ್ವನಿಧಿ ಸಾಲ ಪಡೆದವರು, 10 ಜನ ಪಡೆಯದವರು. ನಾನು ಮಾಡುವುದು: ಮುಂದಿನ ಶುಕ್ರವಾರದೊಳಗೆ ಮೊದಲ ಎರಡು ಸಂದರ್ಶನ ಮುಗಿಸಿ, ಕೇಳಿ ಬರೆದು ಫೋಲ್ಡರಿಗೆ ಹಾಕುವುದು. ಮೇಡಂ ಮಾಡುವುದು: ಪ್ರಶ್ನಾವಳಿ ನೋಡಿ ಸೋಮವಾರ ಹಿಂತಿರುಗಿಸುವುದು. ತೀರ್ಮಾನವಾಗದ್ದು: ಪಾಲಿಕೆಯ ಗುರುತಿನ ಚೀಟಿ ಇಲ್ಲದವರನ್ನು ಸೇರಿಸಬೇಕೇ?»

ನೀವು ಹೇಳಿದ್ದು ಒಂದು, ಅವರಿಗೆ ಅರ್ಥವಾದದ್ದು ಇನ್ನೊಂದು ಆಗಿದ್ದರೆ ಈ ಟಿಪ್ಪಣಿಯಲ್ಲಿ ಆ ದಿನವೇ ಗೊತ್ತಾಗುತ್ತದೆ. ನೀವೇ ಮೊದಲಿನ ಮಾತನ್ನು ಬದಲಿಸುತ್ತಿದ್ದರೆ ಅದೂ ಗೊತ್ತಾಗುತ್ತದೆ. «ಮೇಡಂ ಮಾಡುವುದು» ಎಂಬ ಸಾಲನ್ನು ಬಿಡಿಸಬೇಡಿ. ತನ್ನ ಪಾಲಿನ ಕೆಲಸವೂ ಬರಹದಲ್ಲಿ ಇದ್ದಾಗ ಮಾರ್ಗದರ್ಶಕರು ಗಡುವು ತಪ್ಪಿಸುವುದು ಕಡಿಮೆಯಾಗುತ್ತದೆ.

ನಾಲ್ಕು ಜನರ ಎಂಜಿನಿಯರಿಂಗ್ ಪ್ರಾಜೆಕ್ಟ್ ತಂಡಗಳಲ್ಲಿ ಒಬ್ಬರು ಕೋಡ್ ಬರೆದು, ಒಬ್ಬರು ಪಿಪಿಟಿ ಮಾಡಿ, ಉಳಿದಿಬ್ಬರು ಹೆಸರು ಸೇರಿಸಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಪ್ರತಿ ಭೇಟಿಯಲ್ಲಿ ಬೇರೆ ಬೇರೆಯವರು ವರದಿ ಒಪ್ಪಿಸಬೇಕೆಂಬ ನಿಯಮ ಹಾಕಿ. ಯಾರು ಒಪ್ಪಿಸಬೇಕೆಂಬುದನ್ನು ಅವರು ಬಂದು ಕುಳಿತ ಮೇಲೆ ನೀವು ಹೇಳಬೇಕು.

## ಹಂತ 7: ಕರಡು ಓದುವಾಗ ಮೇಲಿನಿಂದ ಕೆಳಕ್ಕೆ ಇಳಿಯಿರಿ

ಕೆಂಪು ಪೆನ್ನು ಕೈಗೆ ಬಂದ ಕೂಡಲೇ ಕಾಗುಣಿತ, ವಿರಾಮಚಿಹ್ನೆಗಳನ್ನು ತಿದ್ದತೊಡಗುವುದು ನಮ್ಮ ಅಭ್ಯಾಸ. ಅದು ಕಣ್ಣಿಗೆ ಸುಲಭ, ಕೆಲಸ ಮಾಡಿದ ತೃಪ್ತಿಯನ್ನೂ ಕೊಡುತ್ತದೆ. ಆದರೆ ಇಡೀ ಅಧ್ಯಾಯವನ್ನೇ ತೆಗೆದುಹಾಕಬೇಕಾದ ಸ್ಥಿತಿಯಲ್ಲಿ ಅದರ ಅಲ್ಪಪ್ರಾಣ, ಮಹಾಪ್ರಾಣ ತಿದ್ದಿದ್ದು ಇಬ್ಬರ ಶ್ರಮವನ್ನೂ ಹಾಳುಮಾಡುತ್ತದೆ. ಓದುವ ಕ್ರಮ ಹೀಗಿರಲಿ.

ಮೊದಲ ಓದಿನಲ್ಲಿ ಪೆನ್ನು ಹಿಡಿಯಬೇಡಿ. ಅಧ್ಯಾಯ ಮುಗಿದ ಮೇಲೆ ಅದರ ವಾದವನ್ನು ಎರಡು ವಾಕ್ಯದಲ್ಲಿ ನೀವೇ ಬರೆಯಲು ಪ್ರಯತ್ನಿಸಿ. ಬರೆಯಲಾಗದಿದ್ದರೆ ವಿದ್ಯಾರ್ಥಿಗೆ ಹೇಳಬೇಕಾದ ಮೊದಲ ಮಾತು ಅದೇ, ಈ ಸುತ್ತಿಗೆ ಅಷ್ಟೇ ಸಾಕು. ಎರಡನೇ ಓದಿನಲ್ಲಿ ಪ್ರತಿ ಮುಖ್ಯ ಹೇಳಿಕೆಗೂ ಆಧಾರವಿದೆಯೇ ಎಂದು ನೋಡಿ. ಮೂರನೆಯದರಲ್ಲಿ ಭಾಗಗಳ ಜೋಡಣೆ. ಭಾಷೆ ಕೊನೆಯ ಕರಡಿನಲ್ಲಿ ಮಾತ್ರ, ಅದೂ ಮೊದಲ ಐದು ಪುಟಗಳನ್ನು ತಿದ್ದಿ ತೋರಿಸಿ ಉಳಿದದ್ದನ್ನು ಅವರಿಂದಲೇ ಮಾಡಿಸಿದರೆ ಸಾಕು.

ಅಂಚಿನಲ್ಲಿ ಬರೆಯುವ ಮಾತು ಮುಂದೇನು ಮಾಡಬೇಕೆಂದು ತಿಳಿಸುವಂತಿರಬೇಕು. «ಸ್ಪಷ್ಟವಾಗಿಲ್ಲ», «ಇನ್ನೂ ಆಳಕ್ಕೆ ಹೋಗಿ», «ಹೀಗಲ್ಲ» ಎಂಬ ಟಿಪ್ಪಣಿಗಳಿಂದ ವಿದ್ಯಾರ್ಥಿಗೆ ಗೊತ್ತಾಗುವುದು ನಿಮಗೆ ಬೇಸರವಾಗಿದೆ ಎಂಬುದಷ್ಟೇ. ಅದರ ಬದಲು ಹೀಗೆ ಬರೆಯಿರಿ: «ಈ ಪ್ಯಾರಾದ ಮೊದಲ ವಾಕ್ಯ ಕೈಸಾಲ ಕಡಿಮೆಯಾಯಿತು ಎನ್ನುತ್ತದೆ. ಕೆಳಗಿನ ಕೋಷ್ಟಕದಲ್ಲಿ ಸಾಲ ಪಡೆದವರ ಸಂಖ್ಯೆ ಇದೆ, ಸಾಲದ ಮೊತ್ತ ಇಲ್ಲ. ಮೊತ್ತ ನಿಮ್ಮ ಬಳಿ ಇದ್ದರೆ ಸೇರಿಸಿ. ಇಲ್ಲದಿದ್ದರೆ ವಾಕ್ಯವನ್ನು ಸಂಖ್ಯೆಗೆ ತಕ್ಕಂತೆ ಬದಲಿಸಿ.» ಇಂಥ ಟಿಪ್ಪಣಿ ಬರೆಯಲು ಸಮಯ ಹಿಡಿಯುತ್ತದೆ ನಿಜ. ಆದರೆ ಅದೇ ಬಗೆಯ ತಪ್ಪು ಮುಂದಿನ ಅಧ್ಯಾಯದಲ್ಲಿ ಮರುಕಳಿಸುವುದು ವಿರಳ.

ಒಂದು ಕರಡಿಗೆ ಮೂರು ಮುಖ್ಯ ಸಲಹೆಗಳಿಗಿಂತ ಹೆಚ್ಚು ಬೇಡ. ಚೆನ್ನಾಗಿ ಬಂದ ಒಂದು ಜಾಗವನ್ನು ಏಕೆ ಚೆನ್ನಾಗಿದೆ ಎಂಬ ವಿವರಣೆಯ ಸಮೇತ ಗುರುತಿಸಿ. ಯಾವುದನ್ನು ಉಳಿಸಿಕೊಳ್ಳಬೇಕೆಂಬ ಅರಿವಿಲ್ಲದವರು ತಿದ್ದುವಾಗ ಒಳ್ಳೆಯದನ್ನೂ ಅಳಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಪರವಾಗಿ ಪ್ಯಾರಾಗಳನ್ನು ನೀವೇ ಬರೆದು ಸೇರಿಸಬೇಡಿ. ಗಡುವು ಹತ್ತಿರವಾದಾಗ ಆ ಆಸೆ ಬಲವಾಗುತ್ತದೆ. ಒಮ್ಮೆ ಬರೆದುಕೊಟ್ಟರೆ ಮುಂದಿನ ಅಧ್ಯಾಯವನ್ನು ವಿದ್ಯಾರ್ಥಿ ಕಾದು ಕುಳಿತು ಕೇಳುತ್ತಾರೆ.

ಇಂಗ್ಲಿಷಿನಲ್ಲಿ ಸಲ್ಲಿಸಬೇಕಾದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಒಂದು ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲು ವಾದವನ್ನು ಕನ್ನಡದಲ್ಲಿ ಬಾಯಲ್ಲಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ಕೇಳಿ ಬರೆಯಲು ಹೇಳಿ. ವಾದ ನಿಂತ ಮೇಲೆ ಇಂಗ್ಲಿಷಿಗೆ ಬರಲಿ. ನಿಮ್ಮ ವಿಭಾಗದ ನಿಯಮ ಕನ್ನಡದಲ್ಲಿ ಪ್ರಬಂಧ ಸಲ್ಲಿಸಲು ಅವಕಾಶ ಕೊಡುತ್ತದೆಯೇ ಎಂಬುದನ್ನೂ ಆರಂಭದಲ್ಲೇ ನೋಡಿಕೊಳ್ಳಿ.

## ಹಂತ 8: ಕೃತಿಚೌರ್ಯ, ಎಐ ಮತ್ತು ನಕಲಿ ಪತ್ರಿಕೆಗಳು

ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗಿನ ಸಾಮ್ಯತೆಗೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ಪರಿಷ್ಕರಿಸಿ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಪರಿಷ್ಕೃತ ಪ್ರಬಂಧ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಆದರೆ ಶೇಕಡಾವಾರನ್ನು ಇಳಿಸುವುದೇ ಗುರಿಯೆಂದು ವಿದ್ಯಾರ್ಥಿಗಳಿಗೆ ಅನ್ನಿಸಬಾರದು. ಪದಗಳನ್ನು ಬದಲಿಸಿ ಶೇ. 8ಕ್ಕೆ ತಂದ ಕದ್ದ ವಾದವೂ ಕದ್ದದ್ದೇ. ಮೊದಲ ತಿಂಗಳಲ್ಲೇ ಒಂದು ಪ್ಯಾರಾ ಕೊಟ್ಟು, ಉಲ್ಲೇಖ, ಸಾರಾಂಶ, ಸ್ವಂತ ಮಾತು ಈ ಮೂರನ್ನೂ ಬೇರೆ ಬೇರೆಯಾಗಿ ಬರೆಸಿ ನೋಡಿ. ಬಹುತೇಕ ಕೃತಿಚೌರ್ಯಕ್ಕೆ ಕಾರಣ ಈ ವ್ಯತ್ಯಾಸವನ್ನು ಯಾರೂ ಕಲಿಸದಿರುವುದು.

ಚಾಟ್‌ಜಿಪಿಟಿಯಂಥ ಸಾಧನಗಳ ಬಗ್ಗೆ ಮೌನವಾಗಿರುವುದು ಅಪಾಯ. ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಕೂಡದು, ಬಳಸಿದ್ದನ್ನು ಎಲ್ಲಿ ನಮೂದಿಸಬೇಕು ಎಂಬುದು ಮೂರನೇ ಹಂತದ ಒಪ್ಪಂದದಲ್ಲಿ ಇರಬೇಕು. ಅವು ಇಲ್ಲದ ಲೇಖನಗಳನ್ನು ಇವೆಯೆಂಬಂತೆ ಉಲ್ಲೇಖಿಸುತ್ತವೆ, ಆದ್ದರಿಂದ ಗ್ರಂಥಸೂಚಿಯ ಯಾವುದಾದರೂ ಐದು ನಮೂದುಗಳ ಮೂಲ ಪುಟವನ್ನು ತೆರೆದು ತೋರಿಸಲು ಹೇಳಿ. ಎಐ ಪತ್ತೆ ಮಾಡುತ್ತೇವೆನ್ನುವ ತಂತ್ರಾಂಶಗಳ ಅಂಕಿಯನ್ನು ಮಾತ್ರ ನಂಬಿ ಯಾರ ಮೇಲೂ ಆರೋಪ ಹೊರಿಸಬಾರದು, ಅವು ತಪ್ಪುತ್ತವೆ. ಗೂಗಲ್ ಡಾಕ್ಸ್‌ನಲ್ಲಿ ಕರಡು ಬೆಳೆದ ಇತಿಹಾಸವನ್ನು ನೋಡಿ, ಅನುಮಾನ ಬಂದ ಪ್ಯಾರಾವನ್ನು ಬಾಯಲ್ಲಿ ವಿವರಿಸಲು ಕೇಳಿ.

ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುವ ಪತ್ರಿಕೆಗಳಿಗೆ ವಿದ್ಯಾರ್ಥಿಗಳು ಬಲಿಯಾಗುತ್ತಲೇ ಇದ್ದಾರೆ. 2022ರ ನಿಯಮಗಳಲ್ಲಿ ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಬೇಕೆಂಬ ಯುಜಿಸಿಯ ಕಡ್ಡಾಯ ಹೋಗಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಉಳಿಸಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಸಂಪಾದಕ ಮಂಡಳಿಯವರು ನಿಜವಾಗಿ ಇದ್ದಾರೆಯೇ, ಹಿಂದಿನ ಸಂಚಿಕೆಗಳಲ್ಲಿ ನಿಮ್ಮ ಕ್ಷೇತ್ರದವರು ಬರೆದಿದ್ದಾರೆಯೇ ಎಂದು ವಿದ್ಯಾರ್ಥಿಯ ಜೊತೆ ಕುಳಿತು ಪರಿಶೀಲಿಸಿ.

## ಹಂತ 9: ಎಚ್ಚರಿಕೆಯ ಚಿಹ್ನೆಗಳನ್ನು ಗುರುತಿಸಿ

«ನಡೀತಾ ಇದೆ ಸರ್» ಎಂಬ ಉತ್ತರ ಸತತವಾಗಿ ಎರಡು ಸಲ ಬಂದರೆ ಏನೂ ನಡೆಯುತ್ತಿಲ್ಲ ಎಂದು ತಿಳಿಯಿರಿ. ಭೇಟಿಗೆ ಒಂದು ಗಂಟೆ ಮುಂಚೆ ಜ್ವರದ ಸಂದೇಶ, ಶೀರ್ಷಿಕೆ ಬದಲಿಸಬೇಕೆಂಬ ಪದೇ ಪದೇ ಕೋರಿಕೆ, ಓದು ಮುಗಿದಿಲ್ಲವೆಂದು ಬರವಣಿಗೆಯನ್ನು ಮುಂದೂಡುವುದು, ಇದ್ದಕ್ಕಿದ್ದಂತೆ ಶೈಲಿ ಬದಲಾದ ಕರಡು, ಸಹಪಾಠಿಗಳೊಡನೆಯೂ ಮಾತು ನಿಲ್ಲಿಸಿರುವುದು, ಇವೆಲ್ಲ ಗಮನಿಸಬೇಕಾದವು. ಕಾರಣ ಸೋಮಾರಿತನವೆಂದು ಮೊದಲೇ ತೀರ್ಮಾನಿಸಬೇಡಿ. ಮನೆಯಲ್ಲಿ ಮದುವೆಯ ಒತ್ತಾಯ, ಫೀಸು ಕಟ್ಟಲಾಗದ ಸ್ಥಿತಿ, ಹಾಸ್ಟೆಲ್ಲಿನಲ್ಲಿ ಜಾತಿಯ ಕಾರಣಕ್ಕೆ ಅವಮಾನ, ಇವು ಹಿಂದಿರಬಹುದು.

«ಏಕೆ ಬರೆದಿಲ್ಲ?» ಎನ್ನುವ ಬದಲು «ಹೇಗಿದ್ದೀರಿ, ಊಟ, ನಿದ್ದೆ ಸರಿಯಾಗಿದೆಯಾ?» ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ನೀವು ಆಪ್ತಸಮಾಲೋಚಕರಾಗಬೇಕಿಲ್ಲ, ಆದರೆ ಎಲ್ಲಿಗೆ ಕಳುಹಿಸಬೇಕೆಂದು ಗೊತ್ತಿರಬೇಕು. ಕಾಲೇಜಿನ ಸಮಾಲೋಚನಾ ಕೇಂದ್ರ, ಹಗಲು ರಾತ್ರಿ ಕನ್ನಡದಲ್ಲಿಯೂ ದೊರೆಯುವ ಟೆಲಿ ಮಾನಸ್ ಸಹಾಯವಾಣಿ 14416, ಹೊಸೂರು ರಸ್ತೆಯ ನಿಮ್ಹಾನ್ಸ್. ಸಾಯುವ ಮಾತು ಬಂದರೆ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ ಜೊತೆಗೇ ಹೋಗಬೇಕು.

ಲೈಂಗಿಕ ಕಿರುಕುಳದ ದೂರು ನಿಮ್ಮ ಕಿವಿಗೆ ಬಿದ್ದರೆ ರಾಜಿ ಮಾಡಿಸಲು ಹೋಗಬೇಡಿ. ಯುಜಿಸಿಯ 2015ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕಾಗಿರುವುದರಿಂದ ದಾರಿಯನ್ನು ಆ ದಿನವೇ ತಿಳಿಸಿ. ನಿಮ್ಮ ಭೇಟಿಗಳು ವಿಭಾಗದ ಕೊಠಡಿಯಲ್ಲಿ, ಕೆಲಸದ ಹೊತ್ತಿನಲ್ಲಿ, ಬಾಗಿಲು ತೆರೆದೇ ನಡೆಯಲಿ.

## ಹಂತ 10: ಸಲ್ಲಿಕೆ, ವೈವಾ ಮತ್ತು ನಂತರ

ಪೂರ್ತಿ ಕರಡನ್ನು ನಿಮ್ಮ ಹೊರತಾಗಿ ಇನ್ನೊಬ್ಬರು ಓದಬೇಕು. ವಿಭಾಗದ ಸಹೋದ್ಯೋಗಿಯೋ ಹಿರಿಯ ಸಂಶೋಧನಾರ್ಥಿಯೋ ಆದೀತು; ನೀವು ಅದನ್ನು ಅಷ್ಟು ಸಲ ಓದಿರುವುದರಿಂದ ಬಿಟ್ಟುಹೋದದ್ದನ್ನೂ ಮನಸ್ಸಿನಲ್ಲೇ ತುಂಬಿಕೊಂಡು ಓದುತ್ತಿರುತ್ತೀರಿ.

ವೈವಾಕ್ಕೆ ಕನಿಷ್ಠ ಎರಡು ಅಣಕು ಸುತ್ತು ಮಾಡಿಸಿ. ಒಂದರಲ್ಲಿ ಮಂಡನೆ, ಇನ್ನೊಂದರಲ್ಲಿ ಪ್ರಶ್ನೆಗಳು ಮಾತ್ರ. ಈ ಮಾದರಿ ಏಕೆ, ಈ ಸಂಖ್ಯೆ ಏಕೆ ಸಾಕು, ನಿಮ್ಮ ತೀರ್ಮಾನಕ್ಕೆ ವಿರುದ್ಧವಾದ ಪುರಾವೆ ಯಾವುದು, ಮತ್ತೊಮ್ಮೆ ಮಾಡಿದರೆ ಏನು ಬದಲಿಸುತ್ತೀರಿ, ಈ ನಾಲ್ಕು ಪ್ರಶ್ನೆಗಳು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತವೆ. ಪರೀಕ್ಷಕರ ಮುಂದೆ ವಿದ್ಯಾರ್ಥಿಯ ಬದಲು ನೀವು ಉತ್ತರಿಸಬಾರದು, ಮೌನ ಎಷ್ಟೇ ಉದ್ದವಾದರೂ. ಪರೀಕ್ಷಕರು ಹೇಳಿದ ತಿದ್ದುಪಡಿಗಳನ್ನು ವಿದ್ಯಾರ್ಥಿ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಪುಟಸಂಖ್ಯೆ ಹಾಕಿ ನಿಮಗೆ ಒಪ್ಪಿಸಿದ ಮೇಲೆಯೇ ಅಂತಿಮ ಸಹಿ.

ಶಿಫಾರಸು ಪತ್ರಕ್ಕೆ ಬೇಕಾದ ವಿವರಗಳು ಭೇಟಿಯ ಟಿಪ್ಪಣಿಗಳಲ್ಲೇ ಸಿಗುತ್ತವೆ. ಯಾವ ತೊಡಕನ್ನು ಹೇಗೆ ಬಿಡಿಸಿದರು, ಯಾವ ಸಲಹೆಯನ್ನು ಕಾರಣ ಕೊಟ್ಟು ಒಪ್ಪಲಿಲ್ಲ ಎಂದು ಒಂದೆರಡು ನಿದರ್ಶನ ಬರೆದ ಪತ್ರಕ್ಕೆ ಆಯ್ಕೆ ಸಮಿತಿಗಳು ಬೆಲೆ ಕೊಡುತ್ತವೆ. ವಿದ್ಯಾರ್ಥಿಯೇ ಬರೆದು ತಂದ ಪತ್ರಕ್ಕೆ ಸಹಿ ಹಾಕುವ ಪದ್ಧತಿಯನ್ನು ಬಿಡಿ. ಫೋಲ್ಡರನ್ನು ಅಳಿಸಬೇಡಿ; ಮುಂದಿನ ಬ್ಯಾಚಿನವರಿಗೆ ಒಂದು ಪ್ರಶ್ನೆ ಎಷ್ಟು ಸಲ ಬದಲಾಗಿ ಪ್ರಶ್ನೆಯಾಯಿತೆಂದು ತೋರಿಸಲು, ಆ ವಿದ್ಯಾರ್ಥಿಯ ಅನುಮತಿ ಪಡೆದು, ಅದನ್ನೇ ತೆರೆದಿಡಬಹುದು.